ಒಂದೇ ಹೊಲ, ನಾಲ್ಕು ಕೌಂಟಿ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮನೆತನದ ಮೂಲ ಹುಡುಕಲು ಹೊರಟವರು ಕೇಳಿದರೆ ನಾನು ಹೇಳುವ ಮೊದಲ ಮಾತು ಇದು: ಹೆಸರಿನ ಬೆನ್ನು ಹತ್ತಬೇಡಿ, ಹೊಲದ ಬೆನ್ನು ಹತ್ತಿ. ಹೆಸರು ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಬರಹಕ್ಕೆ ಇಳಿಯುತ್ತದೆ. ಒಂದೇ ಹೆಸರಿನ ಇಬ್ಬರು ಮೂವರು ಒಂದೇ ಹಳ್ಳದ ದಂಡೆಯಲ್ಲಿ ಬಾಳಿರುತ್ತಾರೆ. ಹೆಣ್ಣುಮಕ್ಕಳ ತವರಿನ ಹೆಸರು ಮದುವೆಯಾದ ದಿನವೇ ಕಾಗದದಿಂದ ಮರೆಯಾಗುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಯಾರು ಪಡೆದರು, ಯಾರಿಗೆ ಬಿಟ್ಟರು, ಬದುವಿನ ಆಚೆ ಯಾರಿದ್ದರು ಎಂಬುದನ್ನು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನ್ಯಾಯಾಲಯದ ದಪ್ಪ ಪುಸ್ತಕಗಳು ಬರೆದಿಟ್ಟುಕೊಂಡಿರುತ್ತವೆ.

ನಾನು ಧಾರವಾಡದವಳು. ಮದುವೆಯಾಗಿ ಸೇರಿದ ಕುಟುಂಬದ ಮೂಲ ವರ್ಜೀನಿಯಾದ ದಕ್ಷಿಣ ಅಂಚಿನಲ್ಲಿ, ಉತ್ತರ ಕೆರೊಲಿನಾದ ಗಡಿಗೆ ತಾಗಿಕೊಂಡಿರುವ ಹೆನ್ರಿ ಕೌಂಟಿಯಲ್ಲಿದೆ. ಅತ್ತೆಯವರ ಬಳಿ ಮನೆತನದ ಹಳೆಯ ಬೈಬಲ್ ಒಂದಿದೆ. ಅದರ ನಡುವಿನ ಹಾಳೆಗಳಲ್ಲಿ 1802ರಿಂದ ಈಚೆಗೆ ಹುಟ್ಟಿದವರ ಹೆಸರುಗಳನ್ನು ಬರೆದಿಟ್ಟಿದ್ದಾರೆ. ಅದಕ್ಕೂ ಹಿಂದಿನದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಮೂವರು ಅಣ್ಣತಮ್ಮಂದಿರು ಹಡಗು ಹತ್ತಿ ಬಂದರಂತೆ ಎಂಬ ಕಥೆಯೊಂದಿತ್ತು. ಮೂವರು ಅಣ್ಣತಮ್ಮಂದಿರ ಈ ಕಥೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಕೇಳಸಿಗುತ್ತದೆ. ಅತ್ತೆಯವರು ಎಂಬತ್ತು ದಾಟಿದವರು. "ಕಥೆ ಕೇಳಿ ಬೆಳೆದೆ. ಈಗ ಕಾಗದ ಏನು ಹೇಳುತ್ತದೆ, ನೋಡಿ ಹೇಳು" ಎಂದರು. ನಮ್ಮ ತಂದೆ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿದವರು. ನಕಾಶೆ, ಪಹಣಿ, ಚೆಕ್ಕುಬಂದಿ ಎಂಬ ಮಾತುಗಳು ನನಗೆ ಮನೆಯೊಳಗಿನ ಮಾತುಗಳು. ಹಾಗಾಗಿ ಈ ಕೆಲಸ ನನಗೇ ಬರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಬದುಕಿರುವವರ ಹೆಸರು. ಅದರ ನಡುವಿನ ಸ್ವರ ಮೂರು ರೀತಿ ಬದಲಾಗುತ್ತದೆ, ಕೊನೆಯ ಎಸ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ವರ್ಜೀನಿಯಾದಲ್ಲಿ ಇದು ಅಪರೂಪವೇನಲ್ಲ. ಅಲ್ಲಿನ ಹಳೆಯ ಮನೆತನವೊಂದರ ಹೆಸರನ್ನು ಟಾಲಿಯಫೆರೊ ಎಂದು ಬರೆಯುತ್ತಾರೆ, ಟಾಲಿವರ್ ಎಂದು ಕರೆಯುತ್ತಾರೆ. ದಾಖಲೆಗಳಲ್ಲಿ ಎರಡೂ ಬರುತ್ತವೆ. ಆದ್ದರಿಂದ ಸೂಚಿಯಲ್ಲಿ ಒಂದೇ ಕಾಗುಣಿತವನ್ನು ನೋಡಿ ಪುಸ್ತಕ ಮುಚ್ಚಬಾರದು. ಸಾಧ್ಯವಿರುವ ರೂಪಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳುವುದು ನನ್ನ ರೂಢಿ.

ಈಗಿನಿಂದ ಹಿಂದಕ್ಕೆ, ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಹೋಗಬೇಕು. 1850ರ ಜನಗಣತಿಯವರೆಗೆ ದಾರಿ ಸುಗಮ. ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಹುಟ್ಟಿದ ರಾಜ್ಯವನ್ನು ಬರೆದ ಮೊದಲ ಗಣತಿ ಅದು. ಹೆನ್ರಿ ಕೌಂಟಿಯ ಆ ಗಣತಿಯಲ್ಲಿ, ಬೈಬಲ್‌ನ ಹಾಳೆಯನ್ನು ಆರಂಭಿಸಿದ ಹಿರಿಯ ಸಿಕ್ಕಿದ. ವಯಸ್ಸು 71, ಹುಟ್ಟಿದ್ದು ವರ್ಜೀನಿಯಾ. ಅಂದರೆ 1779ರ ಆಸುಪಾಸಿನಲ್ಲಿ ಹುಟ್ಟಿದವನು. ಅಲ್ಲಿಂದ ಹಿಂದಕ್ಕೆ ಗಣತಿ ಮನೆಯ ಯಜಮಾನನ ಹೆಸರನ್ನಷ್ಟೇ ಕೊಡುತ್ತದೆ, ಉಳಿದವರು ಕೋಷ್ಟಕದಲ್ಲಿ ಬರಿಯ ಅಂಕೆಗಳು. 1790ರ ಮೊದಲ ಗಣತಿಯ ವರ್ಜೀನಿಯಾದ ಹಾಳೆಗಳು ಉಳಿದೇ ಇಲ್ಲ, 1800ರವೂ ಬಹುಪಾಲು ಇಲ್ಲ. ಜನನ ಮರಣಗಳನ್ನು ಕೌಂಟಿಗಳು ಬರೆದಿಡಲು ಆರಂಭಿಸಿದ್ದು 1853ರಲ್ಲಿ. ಅದಕ್ಕೂ ಹಿಂದಿನ ತಂದೆ ಮಗನ ಸಂಬಂಧವನ್ನು ಬೇರೆ ಕಾಗದಗಳಿಂದ ಕಟ್ಟಿಕೊಳ್ಳಬೇಕು.

ನನಗೆ ಕೈ ಹಿಡಿದದ್ದು ಕಂದಾಯ. ವರ್ಜೀನಿಯಾದಲ್ಲಿ 1782ರಿಂದ ಬಹುತೇಕ ಪ್ರತಿ ವರ್ಷವೂ ಭೂಮಿಗೊಂದು, ಚರಾಸ್ತಿಗೊಂದು ತೆರಿಗೆ ಪಟ್ಟಿ ತಯಾರಾಗುತ್ತಿತ್ತು. ಅವುಗಳ ಮೈಕ್ರೋಫಿಲ್ಮ್ ರಿಚ್ಮಂಡ್‌ನ ವರ್ಜೀನಿಯಾ ರಾಜ್ಯ ಗ್ರಂಥಾಲಯದಲ್ಲಿದೆ. ಗಣತಿ ಹತ್ತು ವರ್ಷಕ್ಕೊಮ್ಮೆ ಬಂದರೆ ಕಂದಾಯದವನು ವರ್ಷ ವರ್ಷವೂ ಬಾಗಿಲಿಗೆ ಬರುತ್ತಾನೆ. ಹದಿನಾರು ತುಂಬಿದ ಗಂಡುಮಕ್ಕಳು ತಂದೆಯ ಲೆಕ್ಕಕ್ಕೆ ಸೇರುತ್ತಾರೆ, ಇಪ್ಪತ್ತೊಂದು ತುಂಬಿದಾಗ ಸ್ವಂತ ಹೆಸರಿನಲ್ಲಿ ಪಟ್ಟಿಗೆ ಬರುತ್ತಾರೆ. ನಮ್ಮ ಹಿರಿಯ 1800ರ ಪಟ್ಟಿಯಲ್ಲಿ ಮೊದಲ ಬಾರಿಗೆ ಸ್ವಂತ ಹೆಸರಿನಲ್ಲಿ ಕಾಣಿಸಿಕೊಂಡ. ಗಣತಿಯ ವಯಸ್ಸಿಗೂ ಇದಕ್ಕೂ ತಾಳೆಯಾಯಿತು. ಅವನಿಗಿಂತ ಹಿಂದಿನ ವರ್ಷಗಳಲ್ಲಿ ಅದೇ ಮನೆತನದ, ಒಂದೇ ಹೆಸರಿನ ಇಬ್ಬರು ಕಂದಾಯ ಕಟ್ಟುತ್ತಿದ್ದರು. ಒಬ್ಬನ ಮುಂದೆ ಸೀನಿಯರ್ ಎಂದಿದೆ, ಇನ್ನೊಬ್ಬನ ಮುಂದೆ ಜೂನಿಯರ್ ಎಂದಿದೆ. ಇವೆರಡನ್ನು ಕಂಡ ಕೂಡಲೇ ಅಪ್ಪ ಮಗ ಎಂದು ಬರೆದುಕೊಳ್ಳುವ ಆಸೆಯಾಗುತ್ತದೆ. ಆ ಕಾಲದಲ್ಲಿ ಅದಕ್ಕೆ ಒಂದೂರಿನ ಹಿರಿಯ ಮತ್ತು ಕಿರಿಯ ಎಂಬಷ್ಟೇ ಅರ್ಥವಿತ್ತು. ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ಸಂಬಂಧವೇ ಇಲ್ಲದವರೂ ಇರಬಹುದು. ಹಿರಿಯ ತೀರಿಕೊಂಡರೆ ಕಿರಿಯನೇ ಮರುವರ್ಷದ ಪಟ್ಟಿಯಲ್ಲಿ ಸೀನಿಯರ್ ಆಗುತ್ತಾನೆ.

ಈ ಇಬ್ಬರಲ್ಲಿ ನಮ್ಮವನ ತಂದೆ ಯಾರು? ಹೆಸರು ಇಲ್ಲಿಗೆ ಕೈಬಿಟ್ಟಿತು. ಹೊಲದ ಬೆನ್ನು ಹತ್ತಿದ್ದು ಇಲ್ಲಿಂದ.

ವರ್ಜೀನಿಯಾದ ಕೌಂಟಿಗಳಲ್ಲಿ ಕ್ರಯಪತ್ರದ ಪುಸ್ತಕಗಳು ಇಂದಿಗೂ ನ್ಯಾಯಾಲಯದ ಗುಮಾಸ್ತರ ಕಚೇರಿಯಲ್ಲಿವೆ. ಯಾರು ಬೇಕಾದರೂ ಹೋಗಿ ಪುಸ್ತಕವನ್ನು ಕಪಾಟಿನಿಂದ ಇಳಿಸಿಕೊಂಡು ಓದಬಹುದು. ಪಕ್ಕದ ಮೇಜಿನಲ್ಲಿ ವಕೀಲರ ಕಡೆಯವರು ಮೊನ್ನೆ ಮಾರಾಟವಾದ ಮನೆಯ ಹಕ್ಕುಪತ್ರ ಪರಿಶೀಲಿಸುತ್ತಿರುತ್ತಾರೆ, ಈ ಕಡೆ ನಾವು 1793ರ ಮಾರಾಟ ಓದುತ್ತಿರುತ್ತೇವೆ. ಮಾರಿದವರಿಗೊಂದು, ಕೊಂಡವರಿಗೊಂದು ಸೂಚಿ ಇರುತ್ತದೆ. ಮಾರಿದವರ ಸೂಚಿಯಲ್ಲಿ ಸೀನಿಯರ್ 1793ರಲ್ಲಿ ಲೆದರ್‌ವುಡ್ ಹಳ್ಳದ ದಂಡೆಯ 200 ಎಕರೆ ಮಾರಿದ್ದು ಸಿಕ್ಕಿತು. ಹೆಂಡತಿಯನ್ನು ಗಂಡನಿಂದ ಬೇರೆ ಕೂರಿಸಿ, ಯಾರ ಒತ್ತಾಯವೂ ಇಲ್ಲದೆ ಗಂಡನ ಭೂಮಿಯ ಮೂರನೇ ಒಂದು ಪಾಲಿನ ಮೇಲೆ ತನಗಿರುವ ಜೀವನಪರ್ಯಂತದ ಹಕ್ಕನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಅವಳ ಬಾಯಿಂದ ಹೇಳಿಸಿದ ಟಿಪ್ಪಣಿಯೂ ಕೊನೆಗಿತ್ತು. ಹೆಂಗಸರ ಹೆಸರು ಉಳಿದಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು, ತಪ್ಪದೆ ಓದಬೇಕು. ಆದರೆ ಆ 200 ಎಕರೆಯನ್ನು ಅವನು ಕೊಂಡ ಕಾಗದ ಎಲ್ಲಿಯೂ ಇಲ್ಲ. ಹೆನ್ರಿ ಕೌಂಟಿಯಲ್ಲಿ ಇಲ್ಲ. ಅದರ ತಾಯಿ ಕೌಂಟಿಯಾದ ಪಿಟ್ಸಿಲ್ವೇನಿಯಾದಲ್ಲಿಯೂ ಇಲ್ಲ.

ತಾಯಿ ಕೌಂಟಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಈ ಹುಡುಕಾಟದ ಜೀವಾಳವೇ ಅದು. ವಲಸೆ ಬಂದ ಜನ ಪಶ್ಚಿಮಕ್ಕೆ ಹರಡಿದಂತೆ ವರ್ಜೀನಿಯಾದ ದೊಡ್ಡ ಕೌಂಟಿಗಳನ್ನು ಮತ್ತೆ ಮತ್ತೆ ಒಡೆದರು. ನ್ಯಾಯಾಲಯಕ್ಕೆ ಕುದುರೆಯ ಮೇಲೆ ಹೋಗಿ ಬರಬೇಕಾದ ಜನರಿಗೆ ಅದು ಅಗತ್ಯವೂ ಆಗಿತ್ತು. 1746ರಲ್ಲಿ ಬ್ರನ್ಸ್‌ವಿಕ್‌ನಿಂದ ಲೂನೆನ್‌ಬರ್ಗ್ ಹುಟ್ಟಿತು. 1752ರಲ್ಲಿ ಲೂನೆನ್‌ಬರ್ಗ್‌ನಿಂದ ಹ್ಯಾಲಿಫ್ಯಾಕ್ಸ್, 1767ರಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ ಪಿಟ್ಸಿಲ್ವೇನಿಯಾ, 1777ರಲ್ಲಿ ಪಿಟ್ಸಿಲ್ವೇನಿಯಾದಿಂದ ಹೆನ್ರಿ. ಕೌಂಟಿ ಒಡೆದಾಗ ಹಳೆಯ ಪುಸ್ತಕಗಳು ಹೊಸ ಕಚೇರಿಗೆ ಬರುವುದಿಲ್ಲ, ತಾಯಿ ಕೌಂಟಿಯಲ್ಲೇ ಉಳಿಯುತ್ತವೆ. ಲೆದರ್‌ವುಡ್ ಹಳ್ಳದ ದಂಡೆಯಲ್ಲಿ 1750ರಲ್ಲಿ ಗುಡಿಸಲು ಹಾಕಿ, 1780ರಲ್ಲಿ ಅದೇ ಗುಡಿಸಲಿನಲ್ಲಿ ಸತ್ತವನೊಬ್ಬನ ಕಾಗದಗಳು ನಾಲ್ಕು ನ್ಯಾಯಾಲಯಗಳಲ್ಲಿ ಹಂಚಿಹೋಗಿರುತ್ತವೆ. ಅವನು ಊರು ಬಿಟ್ಟು ಊರಿಗೆ ಹೋದನೆಂದು ಬರೆದಿರುವ ವಂಶವೃಕ್ಷಗಳನ್ನು ನಾನು ನೋಡಿದ್ದೇನೆ. ಕದಲಿದ್ದು ಗಡಿಯ ಗೆರೆ. ಯಾವ ವರ್ಷ ಯಾವ ಕೌಂಟಿ ಎಂಬ ಕೋಷ್ಟಕವಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಹ್ಯಾಲಿಫ್ಯಾಕ್ಸ್‌ನ ಕ್ರಯಪತ್ರಗಳಲ್ಲಿಯೂ ಆ ಹೊಲವನ್ನು ಕೊಂಡದ್ದು ಸಿಗದಿದ್ದಾಗ ಉಳಿದದ್ದು ಎರಡೇ ದಾರಿ. ಸರ್ಕಾರದಿಂದ ನೇರವಾಗಿ ಪಡೆದಿರಬೇಕು, ಇಲ್ಲವೇ ಪಿತ್ರಾರ್ಜಿತವಾಗಿ ಬಂದಿರಬೇಕು. ವಸಾಹತು ಕಾಲದ ಭೂಮಂಜೂರಾತಿ ಪತ್ರಗಳು ಕೌಂಟಿಯಲ್ಲಿ ಇರುವುದಿಲ್ಲ, ರಾಜನ ಹೆಸರಿನಲ್ಲಿ ಕೊಟ್ಟ ಭೂಮಿಯವೆಲ್ಲ ಒಂದೇ ಕಡೆ ದಾಖಲಾಗುತ್ತಿದ್ದವು. ಈಗ ಅವುಗಳ ಚಿತ್ರಗಳನ್ನು ರಾಜ್ಯ ಗ್ರಂಥಾಲಯದ ಜಾಲತಾಣದಲ್ಲಿ ಓದಬಹುದು. ಹದಿನೇಳನೆಯ ಶತಮಾನದಲ್ಲಿ ಒಬ್ಬನನ್ನು ಹಡಗಿನ ಖರ್ಚು ಕೊಟ್ಟು ಕರೆತಂದವನಿಗೆ ತಲೆಗೆ 50 ಎಕರೆ ಸಿಗುತ್ತಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ 50 ಎಕರೆಗೆ ಐದು ಶಿಲ್ಲಿಂಗ್‌ನಂತೆ ಖಜಾನೆಗೆ ಹಣ ಕಟ್ಟುವುದು ರೂಢಿಯಾಗಿತ್ತು. 1750ರ ದಶಕದ ಒಂದು ಪತ್ರದಲ್ಲಿ ನಮ್ಮ ಮನೆತನದ ಹೆಸರು ಬೇರೆ ಕಾಗುಣಿತದಲ್ಲಿ ಸಿಕ್ಕಿತು. ಹ್ಯಾಲಿಫ್ಯಾಕ್ಸ್ ಕೌಂಟಿ, ಲೆದರ್‌ವುಡ್ ಹಳ್ಳದ ಎರಡೂ ದಂಡೆ, 200 ಎಕರೆ, ಬೆಲೆ ಇಪ್ಪತ್ತು ಶಿಲ್ಲಿಂಗ್. ರಾಜನಿಗೆ ವರ್ಷಕ್ಕೆ 50 ಎಕರೆಗೆ ಒಂದು ಶಿಲ್ಲಿಂಗ್ ಕಂದಾಯ. ಮೂರು ವರ್ಷದೊಳಗೆ ಪ್ರತಿ 50 ಎಕರೆಯಲ್ಲಿ ಮೂರು ಎಕರೆಯನ್ನಾದರೂ ಸಾಗುವಳಿ ಮಾಡಬೇಕೆಂಬ ಷರತ್ತು.

ಇದು ಅದೇ ಹೊಲವೇ? ಎಕರೆಯ ಲೆಕ್ಕ ಹೊಂದಿಕೊಂಡ ಮಾತ್ರಕ್ಕೆ ನಂಬುವ ಹಾಗಿಲ್ಲ. ಎರಡು ಕಾಗದಗಳ ಚೆಕ್ಕುಬಂದಿಯನ್ನು ನಕ್ಷೆಗೆ ಇಳಿಸಿ ನೋಡಬೇಕು. ನಮ್ಮ ಕಡೆಯ ಕಾಗದಗಳಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ದಾರಿ ಎಂದಿರುತ್ತದೆ. ಅಲ್ಲಿ ಹಳ್ಳದ ದಡದ ಬಿಳಿ ಓಕ್ ಮರದಿಂದ ಹೊರಟು, ದಿಕ್ಸೂಚಿಯ ಇಷ್ಟು ಡಿಗ್ರಿಗೆ ಇಷ್ಟು ಪೋಲ್ ನಡೆದು, ಒಂದು ಪೈನ್ ಮರ ಮುಟ್ಟಿ, ಅಲ್ಲಿಂದ ತಿರುಗಿ, ಕೊನೆಗೆ ಹೊರಟ ಮರಕ್ಕೇ ಬಂದು ಸೇರಬೇಕು. ಪೋಲ್ ಎಂದರೆ ಹದಿನಾರೂವರೆ ಅಡಿ. ನಾನು ಇಲ್ಲಿ ಒಂದು ಕ್ಷಣ ಸುಮ್ಮನೆ ಕುಳಿತೆ. ತಂದೆಯವರು ಹೇಳುತ್ತಿದ್ದ ಬಾಂಬೆ ಸರ್ವೆಯ ಸರಪಳಿ 33 ಅಡಿ, ಅದಕ್ಕೆ ಹದಿನಾರು ಆಣೆ. ಆ ಸರಪಳಿಯ ಚೌಕವೇ ಒಂದು ಗುಂಟೆ. ಅಂದರೆ ಎರಡು ಪೋಲ್‌ಗೆ ಒಂದು ಸರಪಳಿ, ನಾಲ್ಕು ಚದರ ಪೋಲ್‌ಗೆ ಒಂದು ಗುಂಟೆ, 160 ಚದರ ಪೋಲ್‌ಗೆ ಒಂದು ಎಕರೆ. ಧಾರವಾಡದ ಹೊಲ ಅಳೆದವರೂ ಲೆದರ್‌ವುಡ್ ಹಳ್ಳದ ಕಾಡು ಅಳೆದವರೂ ಒಂದೇ ಇಂಗ್ಲಿಷ್ ಅಳತೆಯನ್ನು ಹಿಡಿದಿದ್ದರು. ಆಮೇಲೆ ನನಗೆ ಆ ಕಾಗದಗಳು ಪರಕೀಯ ಅನಿಸಲೇ ಇಲ್ಲ.

ಕೋನಮಾಪಕ, ಅಳತೆಪಟ್ಟಿ, ಗ್ರಾಫ್ ಹಾಳೆ ಇಟ್ಟುಕೊಂಡು ಎರಡೂ ಹೊಲಗಳನ್ನು ಬರೆದೆ. ಅಕ್ಕಪಕ್ಕದವರ ಕಾಗದಗಳನ್ನೂ ತೆಗೆದು ಅವರ ಹೊಲಗಳನ್ನೂ ಬರೆದೆ. ಈಗ ಇದಕ್ಕೆ ತಂತ್ರಾಂಶಗಳಿವೆ, ಆದರೂ ಮೊದಲ ಸಲ ಕೈಯಿಂದಲೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ಗೆರೆ ಹೊಂದಿಕೊಳ್ಳುತ್ತಿಲ್ಲ ಎಂಬುದು ಕೈಗೆ ಗೊತ್ತಾಗುತ್ತದೆ. 1750ರ ದಶಕದ ಹೊಲವೂ 1793ರ ಹೊಲವೂ ಒಂದರ ಮೇಲೊಂದು ಕುಳಿತವು. ಹಳ್ಳದ ತಿರುವು ಕೂಡ ಇಂದಿನ ನಕಾಶೆಗೆ ಹೊಂದಿತು.

ಹಾಗಾದರೆ ಮಂಜೂರಾತಿ ಪಡೆದವನಿಂದ ಮಾರಿದವನಿಗೆ ಹೊಲ ಬಂದದ್ದು ಹೇಗೆ? ಉಯಿಲು ಇಲ್ಲ, ದಾನಪತ್ರ ಇಲ್ಲ. ಕಾಗದ ಇಲ್ಲದಿರುವುದೇ ಇಲ್ಲಿ ಸಾಕ್ಷಿ. ವಸಾಹತು ಕಾಲದ ವರ್ಜೀನಿಯಾದಲ್ಲಿ ಉಯಿಲು ಬರೆಯದೆ ಸತ್ತವನ ಭೂಮಿ ಪೂರ್ತಿ ಹಿರಿಯ ಮಗನಿಗೆ ಸೇರುತ್ತಿತ್ತು, ಅದಕ್ಕೆ ಯಾವ ನೋಂದಣಿಯೂ ಬೇಕಿರಲಿಲ್ಲ. 1785ರಲ್ಲಿ ಅಂಗೀಕಾರವಾದ ಶಾಸನ 1787ರಲ್ಲಿ ಜಾರಿಗೆ ಬಂದ ಮೇಲಷ್ಟೇ ಮಕ್ಕಳೆಲ್ಲರಿಗೂ ಸಮಪಾಲು. ಆದ್ದರಿಂದ ಕೊಂಡ ಕಾಗದವಿಲ್ಲದೆ ಹೊಲ ಮಾರಿದವನನ್ನು ಕಂಡರೆ ಹಿರಿಯ ಮಗನಿರಬೇಕೆಂದು ಅನುಮಾನಿಸಬೇಕು. ಪಿಟ್ಸಿಲ್ವೇನಿಯಾದ ದಾಖಲೆಗಳಲ್ಲಿ 1774ರ ಆಸ್ತಿ ನಿರ್ವಹಣೆಯ ಜಾಮೀನು ಪತ್ರ ಸಿಕ್ಕಿತು. ಮಂಜೂರಾತಿ ಪಡೆದವನು ಸತ್ತಿದ್ದ, ವಿಧವೆ ಮತ್ತು 'ಹಿರಿಯ ಮಗನೂ ಕಾನೂನಿನಂತೆ ವಾರಸುದಾರನೂ ಆದ' ಸೀನಿಯರ್ ಸಹಿ ಹಾಕಿದ್ದರು.

ಜಾಮೀನು ಪತ್ರದ ಹಿಂದೆಯೇ ಸತ್ತವನ ಚರಾಸ್ತಿಯ ಪಟ್ಟಿಯಿತ್ತು. ನೆರೆಯ ಮೂವರು ಮನೆಯೊಳಗೆ ನಡೆದಾಡಿ ಕಂಡದ್ದನ್ನೆಲ್ಲ ಬರೆದು ಬೆಲೆ ಕಟ್ಟಿದ್ದಾರೆ. ಗರಿಯ ಹಾಸಿಗೆ, ತವರದ ತಟ್ಟೆಗಳು, ಹಸು ಮತ್ತು ಕರು, ನೇಗಿಲ ಕುಳ, ಹಳೆಯ ಪುಸ್ತಕಗಳ ಒಂದು ರಾಶಿ. ಅದೇ ಕೈಬರಹದಲ್ಲಿ, ಅದೇ ಸಾಲಿನಲ್ಲಿ, ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬ ಹುಡುಗ. ಮೂವರಿಗೂ ಒಂದೊಂದೇ ಹೆಸರು, ಎದುರಿಗೆ ಪೌಂಡುಗಳ ಬೆಲೆ.

ಇದು ಬರಬಹುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಹುಡುಗನ ಹೆಸರಿನ ಮುಂದಿನ ಅಂಕೆಯನ್ನು ನನ್ನ ಟಿಪ್ಪಣಿಗೆ ಇಳಿಸಲು ಕೈ ಏಳಲಿಲ್ಲ. 1662ರ ವರ್ಜೀನಿಯಾ ಶಾಸನದಂತೆ ತಾಯಿ ಗುಲಾಮಗಿರಿಯಲ್ಲಿದ್ದರೆ ಮಗುವೂ ಹುಟ್ಟುವಾಗಲೇ ಗುಲಾಮಗಿರಿಗೆ ಸೇರಿದ್ದು. 1705ರ ಶಾಸನದಂತೆ ಉತ್ತರಾಧಿಕಾರದ ಮಟ್ಟಿಗೆ ಅವರನ್ನು ಸ್ಥಿರಾಸ್ತಿಯೆಂದೇ ಎಣಿಸುತ್ತಿದ್ದರು. ಇಂಥ ಪುಟಗಳನ್ನು ತಿರುವಿ ಮುಂದೆ ಹೋಗಿ, ತಮ್ಮ ಮನೆತನದ ಗಂಡಸರ ಹೆಸರುಗಳನ್ನಷ್ಟೇ ಎತ್ತಿಕೊಂಡು ಬರುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ ಮೂವರ ಹೆಸರು ಬೇರೆ ಯಾವ ಕಾಗದದಲ್ಲಿಯೂ ಇಲ್ಲದಿರಬಹುದು. ಅವರ ಮಕ್ಕಳ ಮರಿಮಕ್ಕಳು ತಮ್ಮವರನ್ನು ಹುಡುಕಿ ಬರುವ ದಾರಿ ಈ ಮನೆತನದ ದಾಖಲೆಗಳ ಮೂಲಕವೇ ಹಾದುಹೋಗಬೇಕು. 1870ರ ಗಣತಿಗಿಂತ ಹಿಂದೆ ಅವರಲ್ಲಿ ಬಹುಪಾಲು ಮಂದಿಯ ಹೆಸರು ಗಣತಿಯಲ್ಲಿ ಬಂದೇ ಇಲ್ಲ. 1850 ಮತ್ತು 1860ರಲ್ಲಿ ಗುಲಾಮಗಿರಿಯಲ್ಲಿದ್ದವರಿಗೆ ಮಾಡಿದ ಪ್ರತ್ಯೇಕ ಪಟ್ಟಿಯಲ್ಲಿ ಹೆಸರಿರುವುದು ಮಾಲೀಕನದು, ಅವರಿಗೆ ಇರುವುದು ವಯಸ್ಸು, ಲಿಂಗ, ಬಣ್ಣದಂಥ ವಿವರಗಳು ಮಾತ್ರ.

ನಮ್ಮ 1779ರ ಹಿರಿಯನ ಪ್ರಶ್ನೆ ಕೊನೆಗೆ ಬಗೆಹರಿದದ್ದು ಒಂದು ಪಾಲಿನ ದಾವೆಯಿಂದ. ವರ್ಜೀನಿಯಾದ ಚಾನ್ಸರಿ (ನ್ಯಾಯಸಮ್ಮತ ಪರಿಹಾರ ಕೊಡುವ ನ್ಯಾಯಾಲಯ) ದಾವೆಗಳ ಕಾಗದಗಳನ್ನು ರಾಜ್ಯ ಗ್ರಂಥಾಲಯ ಸೂಚಿ ಮಾಡಿ, ಅನೇಕ ಕೌಂಟಿಗಳವನ್ನು ಚಿತ್ರರೂಪದಲ್ಲಿಯೂ ಇಟ್ಟಿದೆ. ಮನೆತನ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ಗೊತ್ತಿಲ್ಲ. ಜಗಳವಾಡಿದ ಕುಟುಂಬಗಳ ಚರಿತ್ರೆ ಚೆನ್ನಾಗಿ ಉಳಿದಿರುತ್ತದೆ. ಸೀನಿಯರ್ ಸತ್ತ ಮೇಲೆ 1820ರ ದಶಕದಲ್ಲಿ ಅವನ ಮಕ್ಕಳು ಉಳಿದ ಜಮೀನಿನ ಪಾಲಿಗಾಗಿ ನ್ಯಾಯಾಲಯಕ್ಕೆ ಹೋಗಿದ್ದರು. ದಾವೆಯ ಅರ್ಜಿಯಲ್ಲಿ ವಾರಸುದಾರರೆಲ್ಲರ ಹೆಸರೂ ಇರಲೇಬೇಕು. ಅಲ್ಲಿ ನಮ್ಮವನು ಎರಡನೆಯ ಮಗನಾಗಿ ನಿಂತಿದ್ದ. ಹೆಣ್ಣುಮಕ್ಕಳು ಗಂಡಂದಿರ ಹೆಸರಿನೊಂದಿಗೆ ಇದ್ದರು, ಒಬ್ಬಳು ಟೆನ್ನೆಸ್ಸಿಗೆ, ಇನ್ನೊಬ್ಬಳು ಕೆಂಟಕಿಗೆ ಹೋಗಿದ್ದಳು. ಜೂನಿಯರ್ ಎಂದು ಕಂದಾಯ ಕಟ್ಟುತ್ತಿದ್ದವನು ಸೀನಿಯರ್‌ನ ಮಗನಲ್ಲ, ತಮ್ಮನ ಮಗ. ಸಾಕ್ಷಿಯಾಗಿ ಬಂದು ತನ್ನ ವಯಸ್ಸನ್ನೂ ಸಂಬಂಧವನ್ನೂ ಅವನೇ ಹೇಳಿಕೊಂಡಿದ್ದ.

ಅದೇ ದಾವೆಯಲ್ಲಿ ಗುಲಾಮಗಿರಿಯಲ್ಲಿದ್ದವರನ್ನು ಐದು ಪಾಲು ಮಾಡಿ ಚೀಟಿ ಎತ್ತಿದ ವರದಿಯೂ ಇದೆ. ಹೆಸರು, ವಯಸ್ಸು, ಡಾಲರಿನಲ್ಲಿ ಬೆಲೆ. ತಾಯಿ ಒಂದು ಪಾಲಿಗೆ, ಮಗಳು ಇನ್ನೊಂದು ಪಾಲಿಗೆ. 1774ರ ಪಟ್ಟಿಯ ಹುಡುಗನ ಹೆಸರು ಇಲ್ಲಿಯೂ ಬರುತ್ತದೆ, ಎದುರಿಗೆ ಅರವತ್ತು ದಾಟಿದ ವಯಸ್ಸು. ಅವನೇ ಎಂದು ಖಚಿತವಾಗಿ ಹೇಳಲು ಒಂದು ಹೆಸರು ಸಾಲದು. ಆದರೆ ಇಬ್ಬರೂ ಒಂದೇ ಎಂಬ ಸಾಧ್ಯತೆಯನ್ನು ಟಿಪ್ಪಣಿಯಲ್ಲಿ ಬರೆದಿಟ್ಟಿದ್ದೇನೆ.

ಅತ್ತೆಯವರಿಗೆ ಎರಡೂ ಪಟ್ಟಿಗಳನ್ನು ಪೂರ್ತಿಯಾಗಿ ಓದಿ ಹೇಳಿದೆ. ಮಧ್ಯದಲ್ಲಿ ತಡೆಯಲಿಲ್ಲ. ಮುಗಿದ ಮೇಲೆ, "1870ರಲ್ಲಿ ಹೆನ್ರಿ ಕೌಂಟಿಯಲ್ಲಿ ನಮ್ಮ ಹೆಸರಿನ ಕಪ್ಪು ಕುಟುಂಬಗಳು ಇದ್ದವೇ?" ಎಂದು ಕೇಳಿದರು. ಇದ್ದವು. "ಹಾಗಾದರೆ ಈ ಹೆಸರಿನ ಚರಿತ್ರೆಯಲ್ಲಿ ಅವರೂ ಇದ್ದಾರೆ. ಬರೆಯುವುದಾದರೆ ಎಲ್ಲರನ್ನೂ ಬರೆ" ಎಂದರು. ಮನೆತನದ ಟಿಪ್ಪಣಿಯಲ್ಲಿ ಆ ಹೆಸರುಗಳೆಲ್ಲ ಪುಸ್ತಕ, ಪುಟಗಳ ಸಂಖ್ಯೆಯೊಂದಿಗೆ ಈಗ ಇವೆ. ಗುಲಾಮಗಿರಿಯಲ್ಲಿದ್ದವರ ದಾಖಲೆಗಳನ್ನು ಒಂದೆಡೆ ತರುವ ವರ್ಜೀನಿಯಾ ಅನ್‌ಟೋಲ್ಡ್ ಎಂಬ ಯೋಜನೆ ರಾಜ್ಯ ಗ್ರಂಥಾಲಯದಲ್ಲಿದೆ. ಅದರ ಹಸ್ತಪ್ರತಿಗಳನ್ನು ಓದಿ ಅಕ್ಷರಕ್ಕೆ ಇಳಿಸುವ ಸ್ವಯಂಸೇವಕರಲ್ಲಿ ನಾನೂ ಸೇರಿಕೊಂಡೆ.

ಓದುವುದನ್ನು ಕಲಿಯುವ ಬಗ್ಗೆಯೂ ಎರಡು ಮಾತು. ಆ ಕಾಲದ ಬರಹದಲ್ಲಿ ಎಸ್ ಅಕ್ಷರ ಎಫ್‌ನ ಹಾಗೆ ಉದ್ದವಾಗಿರುತ್ತದೆ, ಜಾನ್ ಮತ್ತು ವಿಲಿಯಂ ಸಂಕ್ಷೇಪದಲ್ಲಿ ಬರುತ್ತಾರೆ. 1752ಕ್ಕೂ ಹಿಂದೆ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ, ಆದ್ದರಿಂದ ಆಗಿನ 1748ರ ಜನವರಿ ನಮ್ಮ ಲೆಕ್ಕದಲ್ಲಿ 1749. ಆ ಕಾಲದ ಕಾಗದದಲ್ಲಿ ಅನಾಥ ಎಂದರೆ ತಂದೆಯಿಲ್ಲದ ಮಗು, ತಾಯಿ ಬದುಕಿರಬಹುದು. ಇತ್ತೀಚೆಗೆ ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಕೈಬರಹವನ್ನು ಯಂತ್ರವೇ ಓದಿ, ಕ್ರಯಪತ್ರ ಮತ್ತು ಉಯಿಲುಗಳ ಒಳಗಿನ ಪ್ರತಿ ಪದವನ್ನೂ ಹುಡುಕಲು ಬಿಡುತ್ತದೆ. ಹಳೆಯ ಸೂಚಿಗಳಲ್ಲಿ ಮಾರಿದವನು, ಕೊಂಡವನು ಮಾತ್ರ ಇರುತ್ತಿದ್ದರು. ಸಾಕ್ಷಿ ಹಾಕಿದವನು, ಬದುವಿನ ಆಚೆಯವನು, ಪಟ್ಟಿಯೊಳಗಿನ ಗುಲಾಮಗಿರಿಯ ಹೆಣ್ಣುಮಗಳು ಈಗ ಸಿಗುತ್ತಿದ್ದಾರೆ. ಯಂತ್ರ ಓದಿದ್ದನ್ನು ಮೂಲ ಚಿತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳಲೇಬೇಕು.

ಮಂಜೂರಾತಿ ಪಡೆದವನಿಗಿಂತ ಹಿಂದೆ? ಅವನ ಹೆಸರು ಲೂನೆನ್‌ಬರ್ಗ್‌ನ 1748ರ ತಲೆಗಂದಾಯದ ಪಟ್ಟಿಯಲ್ಲಿದೆ, ಅಲ್ಲಿಗೆ ಬಂದದ್ದು ಎಲ್ಲಿಂದ ಎಂದು ಅದು ಹೇಳುವುದಿಲ್ಲ. ಅವನ ಹೆಸರಿನ ಹಿಂದೆ ಮುಂದೆ ಬರುವ ನೆರೆಯವರಲ್ಲಿ ಹಲವರು ಹ್ಯಾನೋವರ್ ಕೌಂಟಿಯಿಂದ ಬಂದವರು. ಹ್ಯಾನೋವರ್‌ನ ಪುಸ್ತಕಗಳನ್ನು ಅಂತರ್ಯುದ್ಧದ ಕಾಲದಲ್ಲಿ ಸುರಕ್ಷಿತವಾಗಿರಲೆಂದು ರಿಚ್ಮಂಡ್‌ಗೆ ಸಾಗಿಸಿದ್ದರು. 1865ರ ಏಪ್ರಿಲ್‌ನಲ್ಲಿ ನಗರ ಬಿದ್ದಾಗಿನ ಬೆಂಕಿಯಲ್ಲಿ ಅವುಗಳಲ್ಲಿ ಬಹುಪಾಲು ಸುಟ್ಟುಹೋದವು. ಅಂತರ್ಜಾಲದಲ್ಲಿ ಓಡಾಡುವ ವಂಶವೃಕ್ಷಗಳು ಈ ಖಾಲಿ ಜಾಗವನ್ನು ಇಂಗ್ಲೆಂಡಿನ ಯಾವುದೋ ಜಮೀನ್ದಾರಿ ಮನೆತನದಿಂದ ತುಂಬಿವೆ. ಆಧಾರ ಕೇಳಿದರೆ ಒಂದು ವೃಕ್ಷ ಇನ್ನೊಂದನ್ನು ತೋರಿಸುತ್ತದೆ. ಅದನ್ನು ಅತ್ತೆಯವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಆದರೆ ಹ್ಯಾನೋವರ್‌ನ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶವಾದ ಸೇಂಟ್ ಪಾಲ್ಸ್ ಪ್ಯಾರಿಷ್‌ನ ಪುಸ್ತಕ ಬೆಂಕಿಗೆ ಸಿಗದೆ ಉಳಿದಿದೆ, 1706ರಿಂದ 1786ರವರೆಗಿನದು. ವಸಾಹತು ಕಾಲದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಊರವರು ಗುಂಪಾಗಿ ಹೊಲಗಳ ಗಡಿಯಲ್ಲಿ ನಡೆದು, ಗುರುತಿನ ಮರಗಳಿಗೆ ಮತ್ತೆ ಗುರುತು ಹಾಕಬೇಕೆಂಬ ಕಾನೂನಿತ್ತು. ಯಾವ ಯಾವ ಹೊಲಗಳ ಗಡಿ ನಡೆದೆವು, ಯಾರು ಜೊತೆಗಿದ್ದರು ಎಂಬುದು ಆ ಚರ್ಚಿನ ಪುಸ್ತಕದಲ್ಲಿ ಬರೆದಿದೆ. ಲೂನೆನ್‌ಬರ್ಗ್‌ಗೆ ಬಂದ ನೆರೆಯವರ ಹೊಲಗಳನ್ನು ಅದರಲ್ಲಿ ಒಂದೊಂದಾಗಿ ಗುರುತಿಸುತ್ತಿದ್ದೇನೆ. ಮೊದಲು ಅವರ ಬದುಗಳನ್ನು ನಕ್ಷೆಗೆ ಇಳಿಸಿ, ಆಮೇಲೆ ನಮ್ಮ ಹೆಸರಿನ ಎಲ್ಲ ಕಾಗುಣಿತಗಳನ್ನೂ ಅದರೊಳಗೆ ಹುಡುಕಬೇಕು.